ಮ್ಯಾಲೆ ಅಂದ್ರ ಎಲ್ಲಿ?

ನಮ್ಮವ್ವ ರೊಟ್ಟಿ ಬಡಿಯುವ ಒಂದು ವಿಡಿಯೊ ನನ್ನ ಹತ್ತಿರ ಇದೆ. ನಲವತ್ತು ಸೆಕೆಂಡಿನದು, 2018ರ ಸಂಕ್ರಾಂತಿಯ ಹಿಂದುಮುಂದಿನದು. ಧಾರವಾಡದ ಮನೆಯ ಅಡುಗೆಕಟ್ಟೆ, ಹಂಚಿನ ಮೇಲಿಂದ ಏಳುವ ಹಬೆ, ಹಿಟ್ಟು ಹತ್ತಿದ ಹಸಿರು ಬಳೆ. ಫೋನಿನಲ್ಲಿ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ದೊಡ್ಡ ಪರದೆಯ ಮೇಲೆ ಹಾಕಿದರೆ ಅವಳ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಬೆರಳು ಯಾವುದು, ಹಿಟ್ಟು ಯಾವುದು ತಿಳಿಯುವುದಿಲ್ಲ. ಟಪಟಪ ಸಪ್ಪಳ ಮಾತ್ರ ಸ್ವಚ್ಛವಾಗಿ ಕೇಳುತ್ತದೆ. ನನ್ನ ಹತ್ತಿರ ಇರುವುದು ವಾಟ್ಸಾಪಿನಲ್ಲಿ ಬಂದ ಪ್ರತಿ. ಮೂಲ ಅವ್ವನ ಫೋನಿನಲ್ಲಿತ್ತು.

2021ರ ಏಪ್ರಿಲ್‌ನಲ್ಲಿ ಅವ್ವ ಹೋದಳು. ಜೂನ್‌ನಲ್ಲಿ ಮಕ್ಕಳ ಶಾಲೆ ಮತ್ತೆ ಆನ್‌ಲೈನ್ ಶುರುವಾಯಿತು, ಮನೆಯಲ್ಲಿ ಒಂದು ಫೋನು ಕಡಿಮೆ ಬಿತ್ತು. ಅವ್ವನ ಫೋನನ್ನು ಪೂರ್ತಿ ಅಳಿಸಿ ಸಣ್ಣವನಿಗೆ ಕೊಡುವುದು ಎಂದಾಯಿತು. ಅಣ್ಣನ ಹಿರಿಮಗ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದವನು, ಆಗ ಮನೆಯಿಂದಲೇ ಕೆಲಸ ಎಂದು ಊರಲ್ಲಿದ್ದ. ಅವನೇ ಫೋನು ಕೈಗೆ ತಗೊಂಡು ನೋಡಿ ಹೇಳಿದ: "ಅತ್ಯಾ, ಚಿಂತಿ ಮಾಡಬ್ಯಾಡ್ರಿ. ಬ್ಯಾಕಪ್ ಕಂಪ್ಲೀಟ್ ಅಂತ ತೋರಸ್ತೈತಿ. ಎಲ್ಲಾ ಮ್ಯಾಲೆ ಹೋಗೇತಿ." ಬಾಗಿಲ ಹತ್ತಿರ ಕಾಯಿಪಲ್ಲೆ ಹೆಚ್ಚುತ್ತ ಕೂತಿದ್ದ ಚಿಗವ್ವ ತಲೆ ಎತ್ತಿ ಕೇಳಿದಳು: "ಮ್ಯಾಲೆ ಅಂದ್ರ ಎಲ್ಲಿ?" ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.

ವರ್ಷದ ಕಾರ್ಯಕ್ಕೆ ಅವ್ವನ ಒಂದು ದೊಡ್ಡ ಫೋಟೊ ಬೇಕಾಯಿತು. ಅವಳ ಖಾತೆ ತೆರೆಯಲು ಹೋದೆವು. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. ಫೋನು ಮಾರಿದ ಅಂಗಡಿಯ ಹುಡುಗ ಕೌಂಟರ್ ಹತ್ತಿರ ನಿಂತುಕೊಂಡೇ ಖಾತೆ ಮಾಡಿಕೊಟ್ಟಿದ್ದ. ಓಟಿಪಿ ಕಳಿಸುತ್ತೇವೆ ಎಂದಿತು ಪರದೆ, ಅವ್ವನ ನಂಬರಿಗೆ. ಆ ನಂಬರಿಗೆ ಯಾರೂ ರೀಚಾರ್ಜ್ ಮಾಡಿಸಿರಲಿಲ್ಲ. ಮೂರು ತಿಂಗಳು ಬಳಸದಿದ್ದರೆ ನಂಬರು ಬಂದಾಗುತ್ತದೆ, ಸ್ವಲ್ಪ ದಿನಕ್ಕೆ ಇನ್ನೊಬ್ಬರಿಗೆ ಹೋಗುತ್ತದೆ. ಡಯಲ್ ಮಾಡಿದೆ. ರಾಯಚೂರ ಕಡೆಯ ಒಬ್ಬ ಹುಡುಗ ಎತ್ತಿದ. "ಅಕ್ಕಾರ, ಈ ನಂಬರ್ ಈಗ ನಂದ್ರಿ." ನಾನು ಕತೆಯೆಲ್ಲ ಹೇಳಿ, ಒಂದು ಓಟಿಪಿ ಬರುತ್ತದೆ, ಓದಿ ಹೇಳಪ್ಪಾ ಎಂದು ಕೇಳಿದೆ. ಯಾರಿಗೂ ಹೇಳಬಾರದು ಎಂದು ಬ್ಯಾಂಕಿನವರು ಹೇಳಿದ್ದಾರೆ ಎಂದ, ಇಟ್ಟುಬಿಟ್ಟ. ಅವನು ಮಾಡಿದ್ದು ಸರಿ. ಖಾತೆ ಕೊಟ್ಟ ಕಂಪನಿಯ ಅರ್ಜಿಗಳನ್ನು ತುಂಬಿದೆವು, ಪ್ರತಿ ಸಲ ಒಂದೇ ಉತ್ತರ: ನೀವು ಇದರ ಮಾಲೀಕರು ಎಂದು ಖಾತ್ರಿಯಾಗಲಿಲ್ಲ. ಐದು ವರ್ಷದ ಫೋಟೊ, ಅವ್ವನ ಕೈಯಿಂದಲೇ ತೆಗೆದವು, ಅರ್ಧ ಅವಳ ಬೆರಳು ಅಡ್ಡ ಬಂದವು, ಅಲ್ಲೇ ಉಳಿದವು.

ಅಂದಿನಿಂದ ಚಿಗವ್ವನ ಪ್ರಶ್ನೆಯನ್ನು ನಾನು ಕಂಡಕಂಡವರಿಗೆ ಕೇಳುತ್ತಿದ್ದೇನೆ. ನಾವಿರುವುದು ಪುಣೆಯ ಕೋಥರೂಡದಲ್ಲಿ. ಸುತ್ತಮುತ್ತ ಐಟಿಯವರು, ಬ್ಯಾಂಕಿನಿಂದ ನಿವೃತ್ತರಾದವರು, ಪೌಡ್ ರಸ್ತೆಯ ಕಾಲೇಜುಗಳಲ್ಲಿ ಓದುವ ಮಕ್ಕಳು. ಓದಿದವರ ಪೇಟೆ ಇದು. ಇಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಹೇಳುವ ಮಾತು ಒಂದೇ: ಫೋಟೊ ಕ್ಲೌಡ್‌ನಲ್ಲಿದ್ದರೆ ಸಾಕು. ಮನೆಯಲ್ಲಿ ಪ್ರತಿ ಇಟ್ಟುಕೊಳ್ಳುವುದು ಹಳೇ ಕಾಲದ ಅಭ್ಯಾಸ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಇಡುವುದು ಬುದ್ಧಿಗೇಡಿ ಕೆಲಸ. ಈ ಮಾತು ತಪ್ಪು ಎಂದು ನಾನು ಹೇಳುತ್ತಿದ್ದೇನೆ. ಮನೆಯ ಫೋಟೊ ಮೊದಲು ಮನೆಯಲ್ಲಿರಬೇಕು, ಮನೆಯವರು ತೆರೆಯಬಲ್ಲ ಯಂತ್ರದಲ್ಲಿರಬೇಕು, ಆ ಯಂತ್ರ ಹದಿನೈದು ಸಾವಿರದ ಹಳೇ ಲ್ಯಾಪ್‌ಟಾಪ್ ಆದರೂ ಯಾವ ಕೊರತೆಯೂ ಇಲ್ಲ.

ಮೊದಲು ಆ ‘ಸಾಕು’ ಎಂಬುದನ್ನೇ ನೋಡೋಣ. ಗೂಗಲ್ ಫೋಟೋಸ್ 2015ರ ಮೇ ತಿಂಗಳಲ್ಲಿ ಬಂದಾಗ ಎಷ್ಟು ಬೇಕಾದರೂ ಇಡಿ, ಪುಕ್ಕಟೆ ಎಂದಿತು. ಸ್ವಲ್ಪ ಕುಗ್ಗಿಸಿ ಇಡುತ್ತೇವೆ, ಅಷ್ಟೇ ಕರಾರು. ದೇಶದ ಎಷ್ಟೋ ಮನೆಗಳ ಮುಂಜಿವೆ, ಮದುವೆ, ನಾಮಕರಣ ಅಲ್ಲಿಗೆ ಹೋದವು. 2021ರ ಜೂನ್ 1ಕ್ಕೆ ಆ ಪುಕ್ಕಟೆ ನಿಂತಿತು. ಅಲ್ಲಿಂದಾಚೆಗೆ 15 ಜಿಬಿ, ಅದರಲ್ಲೇ ಮೇಲ್, ಅದರಲ್ಲೇ ಡ್ರೈವ್, ಅದರಲ್ಲೇ ಫೋಟೊ. ಆಮೇಲೆ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಅದೇ ಲೆಕ್ಕಕ್ಕೆ ಸೇರಿತು. 2023ರ ಮೇ ತಿಂಗಳಲ್ಲಿ ಇನ್ನೊಂದು ನಿಯಮ ಹೇಳಿದರು: ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು, ಅದರೊಳಗಿನ ಮೇಲ್, ಫೋಟೊ ಎಲ್ಲದರ ಜೊತೆ ಅಳಿಸಬಹುದು. ಆ ವರ್ಷದ ಡಿಸೆಂಬರ್‌ನಿಂದ ಅದು ಜಾರಿಗೆ ಬಂತು. ಇದರಲ್ಲಿ ಮೋಸ ಇದೆ ಎಂದು ನಾನು ಹೇಳುತ್ತಿಲ್ಲ. ಎಲ್ಲವನ್ನೂ ಮೊದಲೇ ಹೇಳಿ, ಬರೆದು, ದಿನಾಂಕ ಕೊಟ್ಟೇ ಮಾಡಿದ್ದಾರೆ. ಆದರೆ ಸತ್ತವರು ಎರಡು ವರ್ಷಕ್ಕೊಮ್ಮೆ ಬಂದು ಲಾಗಿನ್ ಮಾಡುವುದಿಲ್ಲ.

ಕೋಥರೂಡದವರಿಗೆ ಬಾಡಿಗೆ ಮನೆಯ ಕರಾರು ಏನೆಂದು ಹೊಸದಾಗಿ ಹೇಳಬೇಕಾಗಿಲ್ಲ. ಹನ್ನೊಂದು ತಿಂಗಳು. ಹನ್ನೆರಡನೆಯ ತಿಂಗಳು ಮಾಲೀಕ ಬಾಡಿಗೆ ಏರಿಸಬಹುದು, ಮಗನ ಮದುವೆ ಇದೆ ಬಿಡಿ ಎನ್ನಬಹುದು. ಹನ್ನೊಂದು ವರ್ಷ ಬಾಡಿಗೆ ಮನೆಗಳಲ್ಲಿ ಇದ್ದವಳು ನಾನು. ಬಾಡಿಗೆ ಮನೆಯಲ್ಲಿ ಇರುವುದು ತಪ್ಪಲ್ಲ. ಆದರೆ ಹೊಲದ ಕಾಗದಪತ್ರ, ಅಜ್ಜಿಯ ಬಂಗಾರ ಇವನ್ನು ಬಾಡಿಗೆ ಮನೆಯ ಅಟ್ಟದ ಮೇಲೆ ಬಿಟ್ಟು, ಕೀಲಿಯನ್ನೂ ಮಾಲೀಕನ ಹತ್ತಿರ ಕೊಟ್ಟು, ಬೇರೆ ಪ್ರತಿಯೇ ಇಲ್ಲದೆ ಯಾರಾದರೂ ನೆಮ್ಮದಿಯಿಂದ ಮಲಗುತ್ತಾರೆಯೇ? ಫೋಟೊದ ವಿಷಯದಲ್ಲಿ ಓದಿದವರೆಲ್ಲ ಹಾಗೆಯೇ ಮಲಗಿದ್ದಾರೆ.

ಮಾಲೀಕ ಮನೆಯನ್ನೇ ಕೆಡವಿದ್ದೂ ಉಂಟು. ಆರ್ಕುಟ್ ನೆನಪಿದೆಯೇ? 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಫೋಟೊ ತಗೊಂಡು ಹೋಗಿ ಎಂದು ಹೇಳಿಯೇ ಮುಚ್ಚಿದರು. ತಗೊಂಡು ಹೋದವರು ಎಷ್ಟು ಜನ ಎಂದು ನಿಮ್ಮ ಕಾಲೇಜಿನ ಗೆಳೆಯರನ್ನು ಕೇಳಿ ನೋಡಿ. ಎರಡು ವರ್ಷ ಬಿಟ್ಟು ಪಿಕಾಸಾ ಹೋಯಿತು. 2019ರಲ್ಲಿ ಮೈಸ್ಪೇಸ್ ಎಂಬ ದೊಡ್ಡ ತಾಣ, ಸರ್ವರ್ ಬದಲಿಸುವಾಗ ಹನ್ನೆರಡು ವರ್ಷ ಜನ ಏರಿಸಿದ್ದ ಹಾಡುಗಳು ಕಳೆದುಹೋಗಿವೆ ಎಂದು ಒಪ್ಪಿಕೊಂಡಿತು. ಲಕ್ಷಗಳ ಲೆಕ್ಕ ಅಲ್ಲ, ಕೋಟಿಗಳ ಲೆಕ್ಕ. ಇನ್ನು ಒಬ್ಬನ ಮನೆಯ ಬಾಗಿಲು ಮಾತ್ರ ಮುಚ್ಚಿದ ಕತೆ ಬೇಕೆಂದರೆ 2022ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದದ್ದಿದೆ. ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ತಂದೆ ಮಗುವಿಗೆ ಬಾವು ಬಂದಾಗ ಡಾಕ್ಟರಿಗೆ ತೋರಿಸಲು ಫೋಟೊ ತೆಗೆದ. ಯಂತ್ರ ಅದನ್ನು ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರ ಎಂದು ಗುರುತಿಸಿತು, ಖಾತೆ ಬಂದಾಯಿತು. ಪೊಲೀಸರು ತಪ್ಪೇನೂ ಇಲ್ಲ ಎಂದರೂ ಗೂಗಲ್ ಖಾತೆಯನ್ನು ಮರಳಿಸಲಿಲ್ಲ. ಮಗುವಿನ ಮೊದಲ ವರ್ಷಗಳ ಫೋಟೊ ಅದರೊಳಗೇ ಇದ್ದವು.

ಇದಕ್ಕಿಂತ ಹೆಚ್ಚಾಗಿ ನಡೆಯುವ ಅನಾಹುತ ಇನ್ನೊಂದಿದೆ, ಅದು ನಮ್ಮ ಕೈಯಿಂದಲೇ ಆಗುವಂಥದ್ದು. ನಮ್ಮ ಸೊಸಾಯಿಟಿಯ ಮೂರನೆಯ ಮಹಡಿಯ ಕಾಕು ಫೋನು ತುಂಬಿತು ಎಂದು ಕೂತು ಎರಡು ಸಾವಿರ ಫೋಟೊ ಅಳಿಸಿದರು. ‘ಮೇಲೆ’ ಇದೆಯಲ್ಲ ಎಂಬ ಧೈರ್ಯ. ಗೂಗಲ್ ಫೋಟೋಸ್ ಆ್ಯಪಿನಲ್ಲಿ ಅಳಿಸಿದರೆ ಫೋನಿನದೂ ಹೋಗುತ್ತದೆ, ಮೇಲಿನದೂ ಹೋಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಸದ ಬುಟ್ಟಿಯಲ್ಲಿ ಅರವತ್ತು ದಿನ ಇರುತ್ತವೆ. ಅವರಿಗೆ ನೆನಪಾದದ್ದು ಮೂರನೆಯ ತಿಂಗಳು, ಮೊಮ್ಮಗಳ ಹುಟ್ಟುಹಬ್ಬಕ್ಕೆ. ಒಂದು ಕಡೆ ಮಾಡಿದ್ದು ಇನ್ನೊಂದು ಕಡೆಯೂ ಆಗುವುದಕ್ಕೆ ಸಿಂಕ್ ಎನ್ನುತ್ತಾರೆ. ಇಲ್ಲಿ ಕೆಟ್ಟರೂ ಅಲ್ಲಿ ಉಳಿಯುವುದಕ್ಕೆ ಬ್ಯಾಕಪ್ ಎನ್ನುತ್ತಾರೆ. ಕನ್ನಡಿಯಲ್ಲಿನ ಮುಖವನ್ನು ಇನ್ನೊಂದು ಮುಖ ಎಂದು ಎಣಿಸಿದ ಹಾಗೆ ಈ ದೇಶದಲ್ಲಿ ಜನ ಸಿಂಕ್ ಅನ್ನು ಬ್ಯಾಕಪ್ ಎಂದು ಎಣಿಸಿಕೊಂಡಿದ್ದಾರೆ.

ವಾಟ್ಸಾಪಿನಲ್ಲಿ ಇದೆಯಲ್ಲ ಎನ್ನುವವರಿಗೆ ಬರೀ ಲೆಕ್ಕ ಹೇಳುತ್ತೇನೆ. ಸಾಧಾರಣ ಫೋನಿನ ಫೋಟೊ 4000ಕ್ಕೆ 3000 ಚುಕ್ಕೆ, ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಸುಮಾರು 1600ಕ್ಕೆ 1200 ಆಗುತ್ತದೆ, ಹತ್ತೊಂಬತ್ತು ಲಕ್ಷ. ಆರು ಪಾಲಿನಲ್ಲಿ ಐದು ಪಾಲು ದಾರಿಯಲ್ಲೇ ಹೋಯಿತು. ಯಾವತ್ತು, ಎಲ್ಲಿ ತೆಗೆದದ್ದು ಎಂಬ ಗುರುತೂ ಹೋಯಿತು. 2023ರಿಂದ ಎಚ್‌ಡಿ ಎಂಬ ಗುಂಡಿ ಬಂದಿದೆ, ಅದೂ ಕುಗ್ಗಿಸಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಇದ್ದದ್ದು ಇದ್ದ ಹಾಗೆ ಮುಟ್ಟುತ್ತದೆ. ಅವ್ವನ ವಿಡಿಯೊ ಕಳಿಸಿದ ದಿನ ನಮಗೆ ಇದು ಗೊತ್ತಿರಲಿಲ್ಲ.

ಈಗ ಎದುರಾಳಿಯ ಗಟ್ಟಿ ಮಾತಿಗೆ ಬರುತ್ತೇನೆ. ಅಣ್ಣನ ಮಗನೇ ಅದನ್ನು ಹೇಳಿದವನು, ಮರ್ಯಾದೆ ಕೊಡಬೇಕಾದ ಮಾತು. "ಅತ್ಯಾ, ನಿಮ್ಮ ಮನಿಗಿಂತ ಅವರ ಡೇಟಾ ಸೆಂಟರ್ ಗಟ್ಟಿ ಐತಿ. ಮನಿಗೆ ಬೆಂಕಿ ಬಿದ್ರ? ನೀರ ಹೊಕ್ರ? ಕಳ್ಳ ಬಂದ್ರ?" ಒಪ್ಪಿದೆ. ಡಿಸ್ಕನ್ನು ಕಾಪಾಡುವುದರಲ್ಲಿ ಅವರು ನನಗಿಂತ ಸಾವಿರ ಪಾಲು ಮೇಲು. ಈ ಊರಿಗೆ ನೀರಿನ ಭಯ ಬರೀ ಮಾತಲ್ಲ. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು, ಕೆಳಗಿನ ಖಡಕವಾಸಲವೂ ಒಡೆದು, ಮುಠಾ ನದಿ ಪೇಟೆಗಳೊಳಗೆ ಹೊಕ್ಕಿತು. ಶನಿವಾರ ಪೇಟೆ, ನಾರಾಯಣ ಪೇಟೆಯ ಹಳೇ ಮನೆತನಗಳ ಫೋಟೊ ಆಲ್ಬಮ್ಮುಗಳಲ್ಲಿ ಆ ದಿನಕ್ಕಿಂತ ಹಿಂದಿನದು ಏನೂ ಇಲ್ಲ ಎಂದು ಹೇಳುವ ಅಜ್ಜಿಯರು ಈಗಲೂ ಸಿಗುತ್ತಾರೆ.

ಆದರೆ ಅಣ್ಣನ ಮಗ ಹೇಳುವ ಗಂಡಾಂತರ ಬೇರೆ, ನನಗೆ ಬಂದ ಗಂಡಾಂತರ ಬೇರೆ. ಅವ್ವನ ಫೋಟೊ ಇದ್ದ ಡಿಸ್ಕಿಗೆ ಏನೂ ಆಗಲಿಲ್ಲ. ಅದು ತಂಪಾದ ಕೋಣೆಯಲ್ಲಿ, ಜನರೇಟರಿನ ಆಸರೆಯಲ್ಲಿ ಚೆನ್ನಾಗಿಯೇ ಇತ್ತು. ಬಾಗಿಲು ಮುಚ್ಚಿತು, ಅಷ್ಟೇ. ಯಾವ ಡೇಟಾ ಸೆಂಟರಿನ ಗೋಡೆಯೂ ಇದಕ್ಕೆ ಔಷಧವಲ್ಲ. ಸತ್ತ ಮೇಲೆ ಖಾತೆ ಯಾರಿಗೆ ಹೋಗಬೇಕು ಎಂದು ಮೊದಲೇ ಹೇಳಿಡುವ ಏರ್ಪಾಡು ಗೂಗಲ್‌ನಲ್ಲೂ ಇದೆ, 2021ರ ಕೊನೆಯಿಂದ ಆ್ಯಪಲ್‌ನಲ್ಲೂ ಇದೆ. ಇದೆ ಎಂದು ಧಾರವಾಡದ ಎಪ್ಪತ್ತು ದಾಟಿದ ಹೆಂಗಸಿಗೆ ಯಾರು ಹೇಳಿದರು? ಯಾವ ಭಾಷೆಯಲ್ಲಿ ಹೇಳಿದರು?

ಕೋಥರೂಡದಲ್ಲಿ ಇರುವವರು ಈ ವಿಷಯದಲ್ಲಿ ಪಾಠ ಕಲಿಯಲು ದೂರ ಹೋಗಬೇಕಾಗಿಲ್ಲ. ರಾಷ್ಟ್ರೀಯ ಚಲನಚಿತ್ರ ಭಂಡಾರ 1964ರಲ್ಲಿ ಪುಣೆಯಲ್ಲಿ ಶುರುವಾದದ್ದು. ಮುಖ್ಯ ಕಟ್ಟಡ ಲಾ ಕಾಲೇಜು ರಸ್ತೆಯಲ್ಲಿದೆ, ಎರಡನೆಯ ಆವರಣ, ರೀಲುಗಳನ್ನು ಇಡುವ ತಂಪು ಕೋಣೆಗಳ ಸಮೇತ, ನಮ್ಮ ಕೋಥರೂಡದಲ್ಲೇ ಇದೆ. ಸರ್ಕಾರದ ದುಡ್ಡು, ತಜ್ಞರ ಕೈ. ಹಾಗಿದ್ದೂ 2003ರ ಜನವರಿ 8ರಂದು ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಗೋದಾಮಿಗೆ ಬೆಂಕಿ ಬಿದ್ದು ಭಂಡಾರಕ್ಕೆ ಸೇರಿದ ಹಳೇ ನೈಟ್ರೇಟ್ ರೀಲುಗಳು ಸುಟ್ಟುಹೋದವು. ಬೇರೆ ಕಡೆ ಪ್ರತಿ ಇದ್ದ ಚಿತ್ರಗಳು ಉಳಿದವು. ದೊಡ್ಡ ಸಂಸ್ಥೆ ಕಾಯುತ್ತದೆ, ಆದರೆ ದೊಡ್ಡ ಸಂಸ್ಥೆ ಒಂದೇ ಕಾಯುವುದಿಲ್ಲ.

ಕನ್ನಡದವರಿಗಂತೂ ಈ ಗಾಯ ಹತ್ತಿರದ್ದು. ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಇದ್ದ ಚಿತ್ರ. ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೊದಲ್ಲಿ, ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಅದರ ಒಂದು ಪ್ರತಿಯೂ ಇವತ್ತು ಇಲ್ಲ. ನಾವು ಊರಿಗೆ ಹೋಗುವಾಗ ಸಾತಾರಾ, ಕರಾಡ ದಾಟಿ ಕೊಲ್ಹಾಪುರದ ಬೈಪಾಸಿಗೆ ಬಂದಾಗ ಪ್ರತಿ ಸಲ ನನಗೆ ಇದು ನೆನಪಾಗುತ್ತದೆ. ಒಂದು ನಾಡಿನ ಮೊದಲ ಮಾತು ಹೋಯಿತು, ಯಾರೂ ಬೇಕೆಂದು ಸುಡಲಿಲ್ಲ, ಒಡೆಯಲಿಲ್ಲ. ಎಲ್ಲೋ ಇರುತ್ತದೆ ಬಿಡು ಎಂದು ಎಲ್ಲರೂ ಅಂದುಕೊಂಡಿದ್ದರು. ಅದಕ್ಕೂ ಹಿಂದಿನ ಕಾಲದ ಫಾಲ್ಕೆಯವರ ಕೆಲವು ಚಿತ್ರಗಳ ತುಣುಕುಗಳು ನಮಗೆ ಹೇಗೆ ಸಿಕ್ಕವು? ಭಂಡಾರವನ್ನು ಕಟ್ಟಿದ ಪಿ.ಕೆ. ನಾಯರ್ ನಾಸಿಕಕ್ಕೆ ಹೋಗಿ, ಫಾಲ್ಕೆಯವರ ಮನೆಯವರು ಇಟ್ಟುಕೊಂಡಿದ್ದ ರೀಲುಗಳನ್ನು ತಂದರು. ಮನೆಯವರು ಇಟ್ಟುಕೊಂಡಿದ್ದರು. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನು ಹಳೇ ಲ್ಯಾಪ್‌ಟಾಪಿನ ಬಗ್ಗೆ ಇರುವ ತಾತ್ಸಾರ. ‘ಡಬ್ಬಾ ಮಷೀನು’, ‘ಯಾರೋ ಬಳಸಿ ಬಿಸಾಕಿದ್ದು’, ‘ಇದರಲ್ಲಿ ಇಡುವ ಬದಲು ಕ್ಲೌಡ್‌ಗೆ ತಿಂಗಳಿಗೆ ನೂರು ನೂರೈವತ್ತು ಕೊಟ್ಟು ಸುಮ್ಮನಿರಿ’. ಈ ಮಾತು ಆಡುವವರು ಈ ಯಂತ್ರಗಳು ಎಲ್ಲಿಂದ ಬರುತ್ತವೆ ಎಂದು ನೋಡಿಲ್ಲ. ಹಿಂಜವಡಿ, ಖರಾಡಿಯಂಥ ಕಡೆಯ ಕಂಪನಿಗಳು ಲ್ಯಾಪ್‌ಟಾಪುಗಳನ್ನು ಮೂರು ನಾಲ್ಕು ವರ್ಷಕ್ಕೆ ಲೀಸ್ ಮೇಲೆ ತರುತ್ತವೆ. ಅವಧಿ ಮುಗಿದ ಮೇಲೆ ನೂರುಗಟ್ಟಲೆ ಒಟ್ಟಿಗೆ ಹೊರಗೆ ಬೀಳುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್: ದಿನಕ್ಕೆ ಹತ್ತು ಗಂಟೆ ದುಡಿಯಲೆಂದೇ ಮಾಡಿದವು, ತಿರುಪು ಬಿಚ್ಚಿ ಡಿಸ್ಕು, ಬ್ಯಾಟರಿ ಬದಲಿಸಬಹುದಾದವು. ಇದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೇ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ, ಹಾಗಾಗಿ ಅವು ಇನ್ನೂ ಅಗ್ಗವಾದವು. ಅವು ಸತ್ತಿಲ್ಲ. ಫೋಟೊ ಇಡುವ ಯಂತ್ರಕ್ಕೆ ಇಂಟರ್ನೆಟ್ಟೇ ಬೇಡ. ವೈಫೈ ಮುಚ್ಚಿಡಿ, ಹೊರಗಿನ ವೈರಸ್ಸಿಗೆ ದಾರಿ ಅಷ್ಟರಮಟ್ಟಿಗೆ ಮುಚ್ಚಿತು. ಬೇಕೆಂದರೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಬೆಂಬಲವೂ ಸಿಗುತ್ತದೆ.

ನಾನು ಕೊಂಡದ್ದು ಪೌಡ್ ರಸ್ತೆಯ ಒಂದು ಅಂಗಡಿಯಲ್ಲಿ. ಹದಿನಾರು ಸಾವಿರ ಕೇಳಿದರು, ಹದಿನಾಲ್ಕೂವರೆಗೆ ಇಳಿದರು. "ತಾಈ, ಕಂಪನೀಚಾ ಮಾಲ್ ಆಹೇ," ಎಂದು ಮುಚ್ಚಳದ ಮೇಲೆ ಕೈಯಿಂದ ತಟ್ಟಿ ತೋರಿಸಿದರು. ಹಿಂದೆ ಯಾವುದೋ ಕಚೇರಿಯ ನಂಬರಿನ ಚೀಟಿ ಕಿತ್ತ ಅಂಟು ಇನ್ನೂ ಇತ್ತು, ಸ್ಪೇಸ್ ಗುಂಡಿ ನಡುವೆ ಸವೆದು ಹೊಳೆಯುತ್ತಿತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ನೋಡಿಸಿ ಎಂದು ಕೇಳಿದೆ. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. ಡಿಸ್ಕು ಒಟ್ಟು ಒಂಬತ್ತು ಸಾವಿರ ಗಂಟೆ ಓಡಿದೆ, ಕೆಟ್ಟ ಜಾಗ ಇಲ್ಲ ಎಂದು ಅದು ಹೇಳಿತು. ಆದರೂ ಆ ಡಿಸ್ಕನ್ನು ನಾನು ನಂಬಲಿಲ್ಲ, ಹೊಸದು ಹಾಕಿಸಿದೆ. ಹಳೇ ಲ್ಯಾಪ್‌ಟಾಪು ಸರಿ, ಹಳೇ ಡಿಸ್ಕು ಬೇಡ. ಟೀಕೆ ಮಾಡುವವರು ಹೇಳುವುದರಲ್ಲಿ ಇಷ್ಟು ಮಾತ್ರ ನಿಜವಿದೆ, ಅದನ್ನು ಪೂರ್ತಿ ಒಪ್ಪುತ್ತೇನೆ.

ಫೋಟೊ ಇಳಿಸುವ ಕೆಲಸ ಗುಂಡಿ ಒತ್ತಿದ ಹಾಗೆ ಆಗುವುದಿಲ್ಲ, ಆಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಮೊದಲ ಸಂಜೆಯೆಲ್ಲ ಲ್ಯಾಪ್‌ಟಾಪಿಗೆ ಫೋನು ಕಾಣಲೇ ಇಲ್ಲ. ಕೇಬಲ್ಲು ಬರೀ ಚಾರ್ಜಿಂಗಿನದಂತೆ, ಒಳಗೆ ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲವಂತೆ. ಫೋನಿನ ಜೊತೆ ಬಂದ ಕೇಬಲ್ಲು ಹುಡುಕಿ ಹಾಕಿದ ಮೇಲೆ, ಫೋನಿನ ಪರದೆಯ ಮೇಲೆ ‘ಫೈಲ್ ಟ್ರಾನ್ಸ್‌ಫರ್’ ಎಂದು ಆರಿಸಿದ ಮೇಲೆ, ಡಿಸಿಐಎಂ ಎಂಬ ಕಡತ ಕಂಡಿತು. ಅದರೊಳಗೆ ಕ್ಯಾಮೆರಾ. ಅದರೊಳಗೆ ಹನ್ನೊಂದು ಸಾವಿರದ ಆರುನೂರ ನಲವತ್ತು. ಎಲ್ಲವನ್ನೂ ಒಮ್ಮೆಗೇ ಎಳೆದು ಹಾಕಿದೆ, ಮೂರು ಸಾವಿರದ ಹತ್ತಿರ ನಿಂತುಬಿಟ್ಟಿತು. ಆಮೇಲೆ ತಿಂಗಳು ತಿಂಗಳಾಗಿ ಇಳಿಸಿದೆ. ಫೈಲಿನ ಹೆಸರಲ್ಲೇ ದಿನಾಂಕ ಇರುತ್ತದೆ, ಗುರುತು ಹಿಡಿಯುವುದು ಕಷ್ಟವಲ್ಲ. ಯಾವಾಗಲೂ ಕಾಪಿ, ಯಾವತ್ತೂ ಕಟ್ ಇಲ್ಲ. ಕೊನೆಗೆ ಎರಡೂ ಕಡೆ ಎಣಿಸಿದೆ. ಫೋನಿನಲ್ಲಿ 11,640, ಲ್ಯಾಪ್‌ಟಾಪಿನಲ್ಲಿ 11,638. ಎರಡು ಕಡಿಮೆ. ಆ ಎರಡನ್ನು ಹುಡುಕಲು ಅರ್ಧ ರವಿವಾರ ಹೋಯಿತು. ಒಂದು ಕಾರ್ಪೋರೇಶನ್ ನೀರಿನ ಬಿಲ್ಲಿನ ಫೋಟೊ. ಇನ್ನೊಂದು, ಕರ್ವೆ ಪುತ್ಥಳಿಯ ಹತ್ತಿರ ಮಳೆಯಲ್ಲಿ ಕೊಡೆ ಹಿಡಿದು ನಿಂತ ಅವ್ವ, ಅವಳು ಕೊನೆಯ ಸಲ ನಮ್ಮ ಮನೆಗೆ ಬಂದಾಗಿನದು.

ಎಣಿಸದಿದ್ದರೆ? ಪರದೆ ‘ಮುಗಿಯಿತು’ ಎಂದಾಗ ನಂಬಿ ಎದ್ದಿದ್ದರೆ? ಕ್ಲೌಡ್ ನಮ್ಮಿಂದ ಕಿತ್ತುಕೊಂಡದ್ದು ಈ ಎಣಿಸುವ ಅಭ್ಯಾಸವನ್ನು. ತಾನಾಗಿಯೇ ಆಗುತ್ತದೆ ಎಂದರೆ ಯಾರೂ ಎಣಿಸುವುದಿಲ್ಲ, ಎಣಿಸದವನಿಗೆ ಕಳೆದದ್ದೂ ತಿಳಿಯುವುದಿಲ್ಲ.

ಒಂದೇ ಲ್ಯಾಪ್‌ಟಾಪು ಸಾಕು ಎಂದೂ ನಾನು ಹೇಳುತ್ತಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ ಒಂದು ಲೆಕ್ಕ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ನಮ್ಮ ಮನೆಯಲ್ಲಿ ಇದು ಹೀಗೆ ಕೂತಿದೆ: ಫೋನು, ಲ್ಯಾಪ್‌ಟಾಪು, ಮತ್ತು ಒಂದು ಟೆರಾಬೈಟಿನ ಹೊರಡಿಸ್ಕು ಧಾರವಾಡದಲ್ಲಿ ಚಿಗವ್ವನ ತಿಜೋರಿಯಲ್ಲಿ. ಪುಣೆಯ ಈ ಮನೆಗೂ ಧಾರವಾಡದ ಆ ಮನೆಗೂ ಒಂದೇ ದಿನ ನೀರು ಹೊಗುವುದು ಅಪರೂಪ. ಹಾರ್ಡ್‌ಡಿಸ್ಕುಗಳನ್ನು ಲಕ್ಷಗಟ್ಟಲೆ ಓಡಿಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ವರ್ಷವರ್ಷ ಲೆಕ್ಕ ಪ್ರಕಟಿಸುತ್ತದೆ, ವರ್ಷಕ್ಕೆ ನೂರರಲ್ಲಿ ಒಂದೆರಡು ಕೆಡುತ್ತವೆ. ಎರಡು ಊರಿನ ಎರಡು ಡಿಸ್ಕು ಒಟ್ಟಿಗೆ ಕೆಡುವುದು ಅಪರೂಪದಲ್ಲಿ ಅಪರೂಪ. ತಿಜೋರಿಯಲ್ಲಿ ಇಡುವುದಕ್ಕೆ ಎಸ್‌ಎಸ್‌ಡಿಗಿಂತ ತಿರುಗುವ ಡಿಸ್ಕೇ ಮೇಲು, ಎಸ್‌ಎಸ್‌ಡಿ ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬಿದ್ದರೆ ಬರೆದದ್ದನ್ನು ಮರೆಯಬಹುದು. ಕ್ಲೌಡ್‌ನಲ್ಲೂ ಒಂದು ಪ್ರತಿ ಇರಲಿ, ಬೇಡ ಎನ್ನುವುದಿಲ್ಲ. ಅದು ನಾಲ್ಕನೆಯದಾಗಿರಲಿ. ಒಂದನೆಯದು, ಒಂದೇ ಒಂದು ಆಗುವುದು ಬೇಡ.

ಕೊನೆಗೆ ಒಂದು ಆಕ್ಷೇಪ ಉಳಿಯುತ್ತದೆ, ಬುದ್ಧಿವಂತರು ಸ್ವಲ್ಪ ನಕ್ಕೇ ಹೇಳುವಂಥದ್ದು: ಇಷ್ಟು ಸಾವಿರ ಫೋಟೊ ಯಾರು ನೋಡುತ್ತಾರೆ? ನೋಡದೇ ಇರುವುದು ಅವು ‘ಮೇಲೆ’ ಇರುವುದರಿಂದ. ತಿಂಗಳು ತಿಂಗಳಾಗಿ ಇಳಿಸುವಾಗ ಪ್ರತಿಯೊಂದೂ ಕಣ್ಣಿಗೆ ಬೀಳುತ್ತದೆ. ಗುಡ್ ಮಾರ್ನಿಂಗ್ ಗುಲಾಬಿಗಳನ್ನು, ಬಿಲ್ಲುಗಳನ್ನು, ಕೈ ನಡುಗಿದವನ್ನು ನಾವೇ ತೆಗೆದುಹಾಕುತ್ತೇವೆ. ಆ ಹನ್ನೊಂದು ಸಾವಿರ ಈಗ ನಾಲ್ಕು ಸಾವಿರ ಚಿಲ್ಲರೆ ಆಗಿದೆ. ಯಂತ್ರ ತಾನೇ ಮಾಡಿ ಕೊಡುವ ‘ಐದು ವರ್ಷದ ಹಿಂದೆ ಈ ದಿನ’ ಎಂಬ ತುಣುಕಿನಲ್ಲಿ ಒಬ್ಬರ ಅವ್ವನ ತಿಥಿಯ ಪಿಂಡದ ಫೋಟೊಕ್ಕೆ ಪಿಯಾನೊ ಹಾಡು ಹಾಕಿ ಅವರ ಫೋನಿಗೆ ಬಂದದ್ದನ್ನು ನಾನು ಕಂಡಿದ್ದೇನೆ. ಯಾವುದು ನೆನಪು, ಯಾವುದು ನೋವು, ಯಾವುದನ್ನು ಯಾರ ಎದುರು ತೆರೆಯಬೇಕು ಎಂದು ತೀರ್ಮಾನಿಸುವ ಹಕ್ಕು ಮನೆಯ ಹೆಂಗಸರ ಕೈಯಲ್ಲಿತ್ತು, ಆಲ್ಬಮ್ಮಿನ ಕಾಲದಲ್ಲಿ. ಅದನ್ನು ಕೊಟ್ಟುಬಿಟ್ಟಿದ್ದೇವೆ. ವಾಪಸು ಕೇಳುತ್ತಿದ್ದೇನೆ.

ಕಡತಗಳಿಗೆ ಹೆಸರು ಕನ್ನಡದಲ್ಲೇ ಇಟ್ಟಿದ್ದೇನೆ. 2019 ಮೈಲಾರಲಿಂಗನ ಜಾತ್ರಿ. 2020 ಕುಬಸ. 2022 ಅವ್ವನ ವರ್ಷದ ಕಾರ್ಯ. ಪಾಸ್‌ವರ್ಡನ್ನು ಡೈರಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಡೈರಿ ಎಲ್ಲಿದೆ ಎಂದು ಮೂವರಿಗೆ ಹೇಳಿದ್ದೇನೆ. ಹೋದ ಖಂಡೇನವಮಿಗೆ ಧಾರವಾಡಕ್ಕೆ ಹೋದಾಗ ಲ್ಯಾಪ್‌ಟಾಪನ್ನೂ ಒಯ್ದಿದ್ದೆ. ಕೊಡಲಿ, ಕುಡುಗೋಲು, ಹೊಲಿಗೆ ಮಷೀನಿನ ಸಾಲಿನಲ್ಲಿ ಚಿಗವ್ವ ಅದಕ್ಕೂ ಕುಂಕುಮ ಹಚ್ಚಿದಳು. ಪೂಜೆಯಾದ ಮೇಲೆ ತಿಜೋರಿಯಿಂದ ಡಿಸ್ಕು ತೆಗೆದು ಕೊಟ್ಟಳು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು. ಈ ವರ್ಷದ್ದನ್ನು ಸೇರಿಸಿದೆವು, ಎರಡೂ ಕಡೆ ಎಣಿಸಿದೆವು. ಅವ್ವ ರೊಟ್ಟಿ ಬಡಿಯುವ ವಿಡಿಯೊ ತೆರೆದೆ. ಮುಖ ಅದೇ ಚೌಕ ಚೌಕ. ಚಿಗವ್ವ ಕಣ್ಣು ಸಣ್ಣ ಮಾಡಿ ಸ್ವಲ್ಪ ಹೊತ್ತು ನೋಡಿ, ಆಮೇಲೆ ನೋಡುವುದು ಬಿಟ್ಟು ಕಣ್ಣು ಮುಚ್ಚಿ ಆ ಸಪ್ಪಳ ಕೇಳುತ್ತ ಕೂತಳು. "ಇನ್ನೊಮ್ಮಿ ಹಚ್ಚು," ಎಂದಳು.